ನೀರಿಗೆ ಬಂದವಳು

“ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ?” ಸಾಮಾನ್ಯವಾಗಿ ಈ ಗಾದೆಯನ್ನು ನಾವು ಆಡುವುದು ಯಾರಿಗಾದರೂ ಕಾಯುತ್ತ ಕುಳಿತಾಗ. ಸಾಲ ಪಡೆದು ಮುಖ ಮರೆಸಿಕೊಂಡವನು, ನಿಮ್ಮ ಹಂಗೇ ಬೇಡವೆಂದು ಬಿರುಸಿನಿಂದ ಎದ್ದು ಹೋದವನು, ಒಂದಲ್ಲ ಒಂದು ದಿನ ಎದುರಾಗಲೇಬೇಕು ಎಂಬ ಭರವಸೆ ಅದರಲ್ಲಿದೆ. ಸ್ವಲ್ಪ ಬೆದರಿಕೆಯೂ ಇದೆ. ಗಾದೆಯನ್ನು ಆಡುವವರು ಊರಲ್ಲಿ ಬೇರು ಬಿಟ್ಟವರು. ಅವರಿಗೆ ಅವಸರವಿಲ್ಲ.

ಆದರೆ ಗಾದೆಯ ನಡುವೆ ಒಬ್ಬ ಹೆಂಗಸು ನಿಂತಿದ್ದಾಳೆ, ಅವಳ ಕಡೆ ಯಾರೂ ಹೆಚ್ಚು ನೋಡುವುದಿಲ್ಲ. ಮದುವೆಯಾಗಿ ಬಂದವಳು. ಗಂಡನ ಮನೆಯವರ ಹೊರತು ಅವಳಿಗೆ ಯಾರ ಪರಿಚಯವೂ ಇಲ್ಲ. ಊರಿನವರಿಗೂ ಅವಳು ಇಂಥವರ ಸೊಸೆ ಅನ್ನುವುದಷ್ಟೇ ಗೊತ್ತು. ಜಗಲಿಯ ಮಾತುಕತೆ ಗಂಡಸರದು. ಅವಳಿಗೆ ಉಳಿದದ್ದು ಬಾವಿಯ ದಾರಿ, ಕೆರೆಯ ದಾರಿ. ಬಿಂದಿಗೆ ಹಿಡಿದು ಹೋದರೆ ಅಲ್ಲಿ ಸರದಿ. ಸರದಿ ಕಾಯುವಾಗ ಯಾರೋ “ತವರು ಯಾವೂರಮ್ಮ?” ಎನ್ನುತ್ತಾರೆ. ಮಾರನೆಯ ದಿನ ಇವಳೇ ಒಬ್ಬ ಅಜ್ಜಿಯ ಕೊಡವನ್ನು ಎತ್ತಿ ಸೊಂಟಕ್ಕೆ ಕೊಡುತ್ತಾಳೆ. ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆ, ಯಾವ ಮಾತನ್ನು ಯಾರ ಮುಂದೆ ಎತ್ತಬಾರದು, ಎಲ್ಲವೂ ಅವಳಿಗೆ ತಿಳಿಯುವುದು ಅಲ್ಲಿಯೇ. ಅವಳಿಗೊಂದು ಹೆಸರು ಹುಟ್ಟುವುದೂ ಅಲ್ಲಿಯೇ. ಕಾಯುವವರು ಆಡುತ್ತ ಬಂದ ಈ ಗಾದೆಯನ್ನು ಬಂದವಳ ಕಡೆಯಿಂದ ಒಮ್ಮೆ ಓದಿ ನೋಡಬೇಕೆಂದು ನನಗೆ ಅನ್ನಿಸಿದ್ದು, ಇಂದು ಹೊಸದಾಗಿ ಬರೆಯತೊಡಗಿದವರ ಪಾಡನ್ನು ನೋಡಿ.

ಫೇಸ್‌ಬುಕ್‌, ಪ್ರತಿಲಿಪಿ, ಟಂಬ್ಲರ್, ಯಾವುದಾದರೂ ಇರಲಿ. ಖಾತೆ ತೆರೆಯುವುದು ಎರಡು ನಿಮಿಷದ ಕೆಲಸ. ಊರಿಗೆ ಬಂದದ್ದಾಯಿತು. ಹೊಸಬರು ತಮ್ಮ ಅತ್ಯುತ್ತಮ ಬರಹವನ್ನು ಮೊದಲ ದಿನವೇ ಹಾಕಿ ಬಾಗಿಲು ನೋಡುತ್ತ ಕುಳಿತುಕೊಳ್ಳುತ್ತಾರೆ. ನಾಲ್ಕು ಲೈಕು ಬರುತ್ತವೆ, ನಾಲ್ಕೂ ಬಂಧುಗಳದು. ಎರಡನೆಯದಕ್ಕೆ ಮೂರು. ಒಂದು ತಿಂಗಳಾಗುವ ಹೊತ್ತಿಗೆ “ಕನ್ನಡದಲ್ಲಿ ಓದುವವರೇ ಇಲ್ಲ” ಎಂಬ ತೀರ್ಮಾನ. ಈ ತೀರ್ಮಾನ ನನಗೆ ನೋವು ತರುತ್ತದೆ. ಓದುಗರು ಇದ್ದಾರೆ, ಆದರೆ ಅವರು ಇರುವಲ್ಲಿಗೆ ಇವರು ಹೋಗಿಲ್ಲ.

ಈ ಜಾಲತಾಣಗಳು ನಡೆಯುವ ರೀತಿಯನ್ನು ನೋಡಿದರೂ ಹೊಸಬರು ಮನೆಯೊಳಗೇ ಕುಳಿತು ಓದುಗರನ್ನು ಪಡೆಯಲಾರರು. 2007ರಲ್ಲಿ ಡೇವಿಡ್ ಕಾರ್ಪ್ ನ್ಯೂಯಾರ್ಕಿನಲ್ಲಿ ಆರಂಭಿಸಿದ ಟಂಬ್ಲರನ್ನೇ ತೆಗೆದುಕೊಳ್ಳಿ. ಅಲ್ಲಿ ಬರಹ ದೂರ ಹೋಗಬೇಕಾದರೆ ಮುಖ್ಯ ದಾರಿ ರೀಬ್ಲಾಗ್: ಓದಿದ ಒಬ್ಬರು ಅದನ್ನು ತಮ್ಮ ಪುಟಕ್ಕೆ ಎತ್ತಿಕೊಳ್ಳಬೇಕು, ಬೇಕಿದ್ದರೆ ತಮ್ಮ ಎರಡು ಮಾತು ಸೇರಿಸಬೇಕು, ಆಗ ಅದು ಅವರನ್ನು ಹಿಂಬಾಲಿಸುವವರ ಕಣ್ಣಿಗೆ ಬೀಳುತ್ತದೆ. ಮೂಲ ಬರೆದವರ ಹೆಸರು ಜೊತೆಗೇ ಸಾಗುತ್ತದೆ. ಒಬ್ಬರಿಗೆ ಎಷ್ಟು ಫಾಲೋವರ್ಸ್ ಇದ್ದಾರೆಂಬ ಲೆಕ್ಕವನ್ನು ಟಂಬ್ಲರ್ ಬೇರೆಯವರಿಗೆ ತೋರಿಸುವುದಿಲ್ಲ. ಹಾಗಾಗಿ ಅಲ್ಲಿ ದೊಡ್ಡವರು ಚಿಕ್ಕವರೆಂಬ ಪಟ್ಟಿ ಹಣೆಯ ಮೇಲಿಲ್ಲ. ಯಾರು ಯಾರ ಬರಹ ಎತ್ತಿಕೊಳ್ಳುತ್ತಾರೆ, ಯಾರು ಯಾರಿಗೆ ಮರುಮಾತು ಹೇಳುತ್ತಾರೆ ಎಂಬುದೇ ಅಲ್ಲಿನ ಬಾಳ್ವೆ. ಫೇಸ್‌ಬುಕ್ ಬೇರೆ ಬಗೆಯದು, ಆದರೆ ಅದೂ 2018ರ ಜನವರಿಯಲ್ಲಿ ತನ್ನ ಫೀಡಿನ ಕ್ರಮವನ್ನು ಬದಲಿಸುವುದಾಗಿ ಪ್ರಕಟಿಸಿತು: ಸಂಸ್ಥೆಗಳ ಪೋಸ್ಟುಗಳಿಗೆ ಜಾಗ ಕಡಿಮೆ, ಗೆಳೆಯರು ಮತ್ತು ಬಂಧುಗಳ ನಡುವೆ ಮಾತುಕತೆ ಹುಟ್ಟಿಸುವ ಪೋಸ್ಟುಗಳಿಗೆ ಹೆಚ್ಚು. ಕಂಪನಿಯ ಲಾಭದ ಲೆಕ್ಕ ಏನೇ ಇರಲಿ, ಅದರ ಪರಿಣಾಮವಾಗಿ ಮಾತಿಗೆ ಮಾತು ಬೆಳೆಯದ ಕಡೆ ಬರಹ ಮುಂದೆ ಹೋಗುವುದಿಲ್ಲ.

ನೀರಿಗೆ ಹೋಗುವುದೆಂದರೆ, ಬರೆಯುವವರ ಪಾಲಿಗೆ, ಬೇರೆಯವರದನ್ನು ಓದುವುದು. ಇದನ್ನು ಹೇಳಿದರೆ ಕೆಲವರು ತಲೆಯಾಡಿಸಿ, ಹತ್ತು ಕಡೆ “ಸೂಪರ್”, “ಚೆನ್ನಾಗಿದೆ ಸರ್” ಎಂದು ಹಾಕಿ ಬರುತ್ತಾರೆ. ಅದು ಬಾವಿಗೆ ಹೋಗಿ ಬಿಂದಿಗೆ ತುಂಬದೆ ಬಂದ ಹಾಗೆ. ಯಾರೋ ತಮ್ಮ ಊರಿನ ಸುಗ್ಗಿಯ ಕಣದ ಬಗ್ಗೆ ಬರೆದಿದ್ದಾರೆ ಎನ್ನಿ. ಕಣದಲ್ಲಿ ರಾಶಿ ಪೂಜೆ ಮಾಡುವಾಗ ನಿಮ್ಮ ಕಡೆ ಏನು ಪದ್ಧತಿ, ರಾಶಿ ಅಳೆಯುವಾಗ ಮಾತಾಡಬಾರದೆಂಬ ಕಟ್ಟು ನಿಮ್ಮಲ್ಲೂ ಇತ್ತೇ, ಇದನ್ನು ಎರಡು ಸಾಲಿನಲ್ಲಿ ಬರೆದರೆ ಅಲ್ಲೊಂದು ಮಾತುಕತೆ ಹುಟ್ಟುತ್ತದೆ. ಆ ಬರಹವನ್ನು ಓದುವ ಮೂರನೆಯವರು ನಿಮ್ಮ ಎರಡು ಸಾಲನ್ನೂ ಓದುತ್ತಾರೆ. ಇವರು ಯಾರೆಂದು ನಿಮ್ಮ ಪುಟಕ್ಕೆ ಬಂದು ನೋಡುವವರು ಅವರೇ. ಹೊಸಬರಿಗೆ ಸಿಗುವ ಮೊದಲ ಓದುಗರು ಬಹುಪಾಲು ಹೀಗೆ, ಇನ್ನೊಬ್ಬರ ಅಂಗಳದಲ್ಲಿ ಆಡಿದ ಒಂದು ಒಳ್ಳೆಯ ಮಾತಿನಿಂದ ಸಿಕ್ಕವರು.

ಇದರಲ್ಲಿ ಹೊಸತೇನೂ ಇಲ್ಲ ಎಂಬುದಕ್ಕೆ ಗಳಗನಾಥರು ಸಾಕ್ಷಿ. ವರದಾ ತುಂಗಭದ್ರೆಯರು ಕೂಡುವ ಗಳಗನಾಥದಿಂದ ಬಂದ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು ಎಂಬುದನ್ನು ನಾವೆಲ್ಲ ಶಾಲೆಯಲ್ಲೇ ಕೇಳಿದ್ದೇವೆ. ಅದನ್ನು ತ್ಯಾಗದ ಕತೆಯಾಗಿಯೇ ಹೇಳುತ್ತೇವೆ. ನನಗೆ ಅದರಲ್ಲಿ ತ್ಯಾಗಕ್ಕಿಂತ ದೊಡ್ಡದೊಂದು ಜಾಣತನ ಕಾಣುತ್ತದೆ. ಮುಂಬೈ ಪ್ರಾಂತಕ್ಕೆ ಸೇರಿದ್ದ ಅಂದಿನ ಧಾರವಾಡ ಸೀಮೆಯಲ್ಲಿ ಓದುಬರಹ ಬಲ್ಲವರ ಮೇಲೆ ಮರಾಠಿಯ ಪ್ರಭಾವ ದಟ್ಟವಾಗಿತ್ತು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದೇ ಆ ಸ್ಥಿತಿಯನ್ನು ಬದಲಿಸಲು. ಗಳಗನಾಥರು ಈ ಓದುಗರನ್ನು ಬೈಯುತ್ತ ಕೂರಲಿಲ್ಲ. ಅವರು ಏನನ್ನು ಆಸೆಯಿಂದ ಓದುತ್ತಾರೆಂದು ನೋಡಿ, ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಆ ರುಚಿ ಹಿಡಿದ ಮೇಲೆ ಅದೇ ಓದುಗರ ಕೈಗೆ ವಿಜಯನಗರದ ಕತೆಯಾದ ‘ಮಾಧವ ಕರುಣಾವಿಲಾಸ’ವನ್ನು ಕೊಟ್ಟರು. ಪುಸ್ತಕದ ಗಂಟು ಹೊತ್ತು ಒಂದು ಊರಿನ ಚಾವಡಿಯಲ್ಲಿ ಕುಳಿತವರಿಗೆ ಹಣ ಮಾತ್ರ ಸಿಗುತ್ತಿರಲಿಲ್ಲ. ಹಿಂದಿನ ಪುಸ್ತಕ ಓದಿದವರ ಮುಖ ಸಿಗುತ್ತಿತ್ತು, ಎಲ್ಲಿ ಕಣ್ಣೀರು ಹಾಕಿದರು, ಎಲ್ಲಿ ಬೇಸತ್ತರು ಎಂಬ ಸುದ್ದಿ ಸಿಗುತ್ತಿತ್ತು. ಓದುಗರ ಮನೆಬಾಗಿಲು ಕಂಡ ಬರಹಗಾರರಿಗೆ ಮುಂದಿನ ಪುಸ್ತಕ ಯಾರಿಗಾಗಿ ಬರೆಯುತ್ತಿದ್ದೇವೆಂಬುದು ಸ್ಪಷ್ಟವಾಗಿರುತ್ತದೆ.

ಧಾರವಾಡದಲ್ಲೇ 1922ರ ಹೊತ್ತಿಗೆ ಬೇಂದ್ರೆಯವರ ಸುತ್ತ ಕಟ್ಟಿಕೊಂಡ ಗೆಳೆಯರ ಗುಂಪಿನದು ಇನ್ನೊಂದು ಬಗೆ. ಬೆಟಗೇರಿ ಕೃಷ್ಣಶರ್ಮ, ಶಂಬಾ ಜೋಶಿ, ಗೋಕಾಕ, ಮುಗಳಿ ಮೊದಲಾದವರು ಒಬ್ಬರ ಬರಹಕ್ಕೆ ಇನ್ನೊಬ್ಬರು ಮೊದಲ ಕೇಳುಗರಾದರು. ಇಂದು ದೊಡ್ಡ ಹೆಸರುಗಳಾಗಿ ಕಾಣುವ ಇವರು ಅಂದು ಹೊಸಬರು. ಊರು ಗುರುತಿಸುವ ಮುಂಚೆ ತಮ್ಮತಮ್ಮಲ್ಲೇ ಗುರುತಿಸಿಕೊಂಡರು.

ಗಾದೆ ಇಲ್ಲಿಯವರೆಗೆ ಸಲೀಸಾಗಿ ಬಂತು. ಆದರೆ ಅದು ಎಲ್ಲರ ಪಾಲಿಗೂ ನಿಜವಾಗಿರಲಿಲ್ಲ. ಊರಿಗೆ ಬಂದವಳು ಮಾತ್ರವಲ್ಲ, ಊರಲ್ಲೇ ಹುಟ್ಟಿ ಬೆಳೆದವಳೂ ನೀರಿಗೆ ಬಾರದಂತೆ ಜಾತಿಯ ಹೆಸರಿನಲ್ಲಿ ತಡೆದ ನಾಡು ಇದು. ಇಂದಿನ ಮಹಾರಾಷ್ಟ್ರದ ಮಹಾಡದ ಪುರಸಭೆ ಚವದಾರ ಕೆರೆಯನ್ನು ಎಲ್ಲರಿಗೂ ತೆರೆದಿದೆಯೆಂದು 1924ರಲ್ಲೇ ಗೊತ್ತುವಳಿ ಮಾಡಿತ್ತು. ಕಾಗದದ ಮೇಲೆ ತೆರೆದಿದ್ದ ಆ ಕೆರೆಯ ನೀರನ್ನು ಮುಟ್ಟಲು 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರೊಡನೆ ನಡೆದುಹೋಗಬೇಕಾಯಿತು. ಗಾದೆಯ ಬಾವಿಕಟ್ಟೆಯನ್ನು ನೆನೆಯುವಾಗ ಇದನ್ನು ಮರೆತು ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. ನಮ್ಮ ಸಾಹಿತ್ಯದ ಬಾವಿಕಟ್ಟೆಯೂ ಹಾಗೆಯೇ ಇತ್ತು. ಲೇಖಕಿ ನಂಜನಗೂಡು ತಿರುಮಲಾಂಬಾ (1887–1982) ಬಾಲ್ಯದಲ್ಲೇ ವಿಧವೆಯಾದವರು. ಪಂಡಿತರ ಸಭೆ, ಗೆಳೆಯರ ಕೂಟ ಅವರಿಗೆ ಇರಲಿಲ್ಲ. 1913ರಲ್ಲಿ ಮನೆಯಲ್ಲೇ ‘ಸತೀಹಿತೈಷಿಣಿ’ ಗ್ರಂಥಮಾಲೆ ತೆರೆದರು, ಮುಂದೆ ‘ಕರ್ನಾಟಕ ನಂದಿನಿ’ ಪತ್ರಿಕೆ ಹೊರಡಿಸಿದರು, ಹೆಣ್ಣುಮಕ್ಕಳನ್ನು ಓದುಗರನ್ನಾಗಿ ಮಾಡಿಕೊಂಡರು. ಹೋಗಲಾರದ ಬಾವಿಯನ್ನು ಮನೆಯಂಗಳದಲ್ಲೇ ತೋಡಿದರು. ಆದರೂ ಬರವಣಿಗೆ ನಿಂತ ಮೇಲೆ ಕನ್ನಡ ಲೋಕ ದಶಕಗಳ ಕಾಲ ಅವರನ್ನು ಮರೆತಿತ್ತು. 1970ರ ದಶಕದಲ್ಲಿ ದಲಿತ ಬರಹಗಾರರು ‘ಪಂಚಮ’ದಂಥ ಪತ್ರಿಕೆ ಕಟ್ಟಿದ್ದು, 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದದ್ದು ಇದೇ ಸಾಲಿನ ಮುಂದಿನ ಮಾತು.

ಇಂದಿನ ಜಾಲತಾಣದಲ್ಲಿ ಬಿಂದಿಗೆ ಇಳಿಸಲು ಯಾರ ಅಪ್ಪಣೆಯೂ ಬೇಡ. ಅದು ಸಣ್ಣ ಗೆಲುವಲ್ಲ. ರಾಯಚೂರಿನ ಒಂದು ಹಳ್ಳಿಯ ಹುಡುಗಿಗೆ ಮೈಸೂರಿನ ಸಂಪಾದಕರ ಒಪ್ಪಿಗೆಗಾಗಿ ಕಾಯುವ ಕೆಲಸ ಈಗ ಇಲ್ಲ. ಆದರೆ ಚವದಾರ ಕೆರೆಯ ಗೊತ್ತುವಳಿಯ ಹಾಗೆ, ತೆರೆದಿದೆ ಎಂದ ಮಾತ್ರಕ್ಕೆ ಜಾಗ ಸಿಗುವುದಿಲ್ಲ. ಹಳಬರು ಹಳಬರನ್ನೇ ಓದಿ, ಹಳಬರಿಗೇ ಶಹಬ್ಬಾಸ್ ಹೇಳುತ್ತಿದ್ದರೆ ಹೊಸಬಳು ಎಷ್ಟು ದಿನ ನೀರಿಗೆ ಬಂದರೂ ಹೊರಗಿನವಳೇ. ಗಾದೆಯನ್ನು ಆಡುವ ಹಕ್ಕು ಇಟ್ಟುಕೊಂಡವರು, ಬಂದವಳಿಗೆ ಸರಿದು ಜಾಗ ಕೊಡುವ ಹೊಣೆಯನ್ನೂ ಇಟ್ಟುಕೊಳ್ಳಬೇಕು. ನಿಮ್ಮನ್ನು ಸಾವಿರಾರು ಜನ ಓದುತ್ತಿದ್ದರೆ, ವಾರಕ್ಕೊಮ್ಮೆ ಯಾರೂ ಕೇಳಿರದ ಒಬ್ಬರ ಬರಹವನ್ನು ಹೆಸರು ಹೇಳಿ ಶೇರ್ ಮಾಡಿ. ಹೊಸಬರಿಗೆ ಅದರಷ್ಟು ದೊಡ್ಡ ನೆರವು ಬೇರೆ ಇಲ್ಲ.

ಅಡ್ಡದಾರಿಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನೀನು ನನ್ನನ್ನು ಫಾಲೋ ಮಾಡು, ನಾನು ನಿನ್ನನ್ನು ಎಂಬ ಒಪ್ಪಂದ, ಪ್ರತಿ ಪೋಸ್ಟಿಗೂ ಐವತ್ತು ಜನರನ್ನು ಟ್ಯಾಗ್ ಮಾಡುವುದು, ದುಡ್ಡು ಕೊಟ್ಟು ಸಂಖ್ಯೆ ಕೊಳ್ಳುವುದು. ಇವುಗಳಿಂದ ಅಂಕಿ ಬರುತ್ತದೆ, ಓದುವವರು ಬರುವುದಿಲ್ಲ. ಕೊನೆಗೆ ಆ ಅಂಕಿಯೇ ತಿರುಗಿ ಬೀಳುತ್ತದೆ: ಸಾವಿರ ಜನರ ಮುಂದೆ ಹಾಕಿದ ಬರಹವನ್ನು ಐದು ಜನ ಮುಟ್ಟಿದರೆ, ಇದು ಯಾರಿಗೂ ಬೇಡದ ಸರಕು ಎಂದು ಫೀಡಿನ ಲೆಕ್ಕಾಚಾರ ತಿಳಿಯುತ್ತದೆ.

ಗಾದೆಯಲ್ಲಿ ನುಡಿಯದೆ ಉಳಿದ ಇನ್ನೊಂದು ಸಂಗತಿಯಿದೆ. ನೀರು ಒಂದು ದಿನದ ಕೆಲಸವಲ್ಲ. ನಿನ್ನೆ ತಂದ ನೀರು ಇಂದಿಗೆ ಮುಗಿದಿರುತ್ತದೆ, ಹೋಗಲೇಬೇಕು. ಆ ಹೆಂಗಸನ್ನು ಊರಿನವಳನ್ನಾಗಿ ಮಾಡಿದ್ದು ಒಂದು ಭೇಟಿಯ ಬೆಡಗಲ್ಲ, ದಿನವೂ ಅದೇ ಹೊತ್ತಿಗೆ ಅದೇ ದಾರಿಯಲ್ಲಿ ಕಂಡದ್ದು. ಕನ್ನಡ ವಾರಪತ್ರಿಕೆಗಳು ಇದನ್ನು ಚೆನ್ನಾಗಿ ಬಲ್ಲವು. 1921ರ ‘ಕರ್ಮವೀರ’ದಿಂದ 1965ರ ‘ಸುಧಾ’ದವರೆಗೆ ಅವು ಓದುಗರಲ್ಲಿ ವಾರದ ಲಯವನ್ನು ಬೆಳೆಸಿದವು, ಧಾರಾವಾಹಿಯ ಮುಂದಿನ ಕಂತಿಗಾಗಿ ಮನೆಮಂದಿ ಸರದಿ ಹಚ್ಚಿ ಓದುತ್ತಿದ್ದರು. 2014ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪ್ರತಿಲಿಪಿಯಲ್ಲಿ ಇಂದು ಧಾರಾವಾಹಿ ಬರೆಯುವ ಗೃಹಿಣಿಯರು, ಶಿಕ್ಷಕಿಯರು ಆ ಲಯವನ್ನು ಮತ್ತೆ ಹಿಡಿದಿದ್ದಾರೆ. ಸೋಮವಾರ ರಾತ್ರಿ ಕಂತು ಬರುತ್ತದೆಂದು ಗೊತ್ತಾದ ಓದುಗರು ಸೋಮವಾರ ರಾತ್ರಿ ಬರುತ್ತಾರೆ. ತಿಂಗಳಿಗೊಂದು ಅಮೋಘ ಬರಹ ಹಾಕಿ ಮಾಯವಾಗುವವರಿಗಿಂತ, ವಾರಕ್ಕೊಂದು ಪ್ರಾಮಾಣಿಕ ಬರಹ ಹಾಕಿ ಕೆಳಗೆ ಬಂದ ಮಾತಿಗೆಲ್ಲ ಮರುಮಾತು ಹೇಳುವವರನ್ನು ಜನ ನೆನಪಿಡುತ್ತಾರೆ. ಬಂದ ಮಾತಿಗೆ ಉತ್ತರಿಸದೆ ಇರುವುದು ಕೊಡ ಎತ್ತಿಕೊಟ್ಟವರ ಮುಖ ನೋಡದೆ ನಡೆದಂತೆ.

ಇಷ್ಟೆಲ್ಲ ಮಾಡಿದರೂ ಬಾವಿ ನಮ್ಮದಲ್ಲ ಎಂಬುದು ನೆನಪಿರಬೇಕು. ಯಾಹೂ 2013ರಲ್ಲಿ ನೂರಹತ್ತು ಕೋಟಿ ಡಾಲರಿಗೆ ಕೊಂಡ ಟಂಬ್ಲರ್ 2019ರಲ್ಲಿ ಆಟೋಮ್ಯಾಟಿಕ್ ಕಂಪನಿಯ ಕೈಸೇರಿತು. ಒಂದು ಕಾಲಕ್ಕೆ ಕನ್ನಡದ ಹುಡುಗ ಹುಡುಗಿಯರು ಗುಂಪುಗಟ್ಟಿ ಕವಿತೆ, ವಾದ, ಊರಿನ ಸುದ್ದಿ ಬರೆಯುತ್ತಿದ್ದ ಆರ್ಕುಟ್‌ ಅನ್ನು ಗೂಗಲ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಹೋಯಿತು. ಅಂಥ ದಿನ ಫಾಲೋವರ್ಸ್ ಸಂಖ್ಯೆ ಯಾರ ಜೊತೆಗೂ ಹೊರಡುವುದಿಲ್ಲ. ಹೊರಡುವುದು ಹೆಸರು ಹಿಡಿದು ಬಲ್ಲ ಜನ ಮಾತ್ರ, ಅದೂ ಅವರನ್ನು ತಲುಪುವ ವಿಳಾಸ ನಮ್ಮ ಬಳಿ ಇದ್ದರೆ. ಆದ್ದರಿಂದ ಬರೆದದ್ದರ ಒಂದೊಂದು ಪ್ರತಿ ಸ್ವಂತ ಕಂಪ್ಯೂಟರಿನಲ್ಲಿ ಇರಲಿ. ಪ್ರತಿ ಬಾರಿಯೂ ತಪ್ಪದೆ ಬಂದು ಓದಿ ಎರಡು ಮಾತು ಹೇಳಿ ಹೋಗುವವರು ಯಾರೆಂದು ನಿಮಗೆ ಈ ಹೊತ್ತಿಗೆ ಗೊತ್ತಿರುತ್ತದೆ. ಅವರ ಇ-ಮೇಲನ್ನೋ ಫೋನ್ ನಂಬರನ್ನೋ ಕೇಳಿ ಬರೆದಿಟ್ಟುಕೊಳ್ಳಿ, ನಿಮ್ಮದನ್ನೂ ಕೊಡಿ.