ತಿಪ್ಪೆಯ ನುಸಿಗೊಂದು ಹೆಸರು

ಮುಂಗಾರಿನ ಹದ ಮಳೆ ಬಿದ್ದ ರಾತ್ರಿ ಹಳ್ಳಿಮನೆಯ ಜಗಲಿ ದೀಪಕ್ಕೆ ಸಗಣಿ ಹುಳುಗಳು ಬಂದು ಪಟಪಟನೆ ಬಡಿಯುತ್ತವೆ. ಮೊನ್ನೆ ಊರಿಗೆ ಹೋಗಿದ್ದಾಗ, ಹಾಗೆ ಬಿದ್ದು ಅಂಗಾತವಾಗಿ ಒದ್ದಾಡುತ್ತಿದ್ದ ಒಂದನ್ನು ಎತ್ತಿಕೊಂಡೆ. ಹೊಟ್ಟೆಯ ಕೆಳಗೆ, ಕಾಲಿನ ಸಂದಿಯಲ್ಲಿ, ರಾಗಿಗಿಂತ ಸಣ್ಣ ಕಂದು ಕಾಳುಗಳು ಅಂಟಿದ್ದವು. ದಿಟ್ಟಿಸಿದರೆ ಒಂದು ಕಾಳು ನಡೆಯಿತು.

“ಉಣ್ಣೆ ಹತ್ತೈತೆ, ಬಿಸಾಕೋ ಅದನ್ನ” ಎಂದರು ಚಿಕ್ಕಮ್ಮ.

ಉಣ್ಣೆಯಲ್ಲ, ಉಣ್ಣೆಯ ದಾಯಾದಿ: ನುಸಿ. ಎಂಟು ಕಾಲು, ಜೇಡನ ಬಳಗ. ನಮ್ಮ ತೆಂಗಿನ ಸೀಮೆಯಲ್ಲಿ ನುಸಿ ಎಂದರೆ ನೆನಪಾಗುವುದು ಒಂದೇ. 1998ರಲ್ಲಿ ಕೇರಳದ ಎರ್ನಾಕುಲಂ ಕಡೆ ಕಾಣಿಸಿಕೊಂಡು, ಆಮೇಲೆ ನಮ್ಮ ತೋಟಗಳಿಗೂ ಹಬ್ಬಿ ಕಾಯಿಯ ಮೈಯೆಲ್ಲ ಸುಕ್ಕುಗಟ್ಟಿಸಿದ ನುಸಿಪೀಡೆ. ಅಂದಿನಿಂದ ನುಸಿಗೆ ಪೀಡೆ ಎಂಬ ಬಾಲ ಅಂಟಿಯೇ ಇದೆ. ತಿಪ್ಪೆಯ ನುಸಿಯ ಕಸುಬೇ ಬೇರೆ. ಈ ಹುಳುವನ್ನು ಅದು ರಕ್ತ ಹೀರಲು ಹತ್ತಿದ್ದಲ್ಲ, ಬಸ್ಸು ಹತ್ತಿದ ಹಾಗೆ ಹತ್ತಿದೆ. ದನ ಹಾಕಿದ ಸಗಣಿ ಬಿಸಿಲಿಗೆ ಬೇಗ ಒಣಗಿ ಬೆರಣಿಯಂತಾಗುತ್ತದೆ. ರೆಕ್ಕೆಯಿಲ್ಲದ, ಒಂದು ಮಿಲಿಮೀಟರ್ ಉದ್ದದ ಜೀವ ಮುಂದಿನ ಹಸಿ ಸಗಣಿಗೆ ನಡೆದು ಹೋಗುವುದುಂಟೇ? ನೊಣವನ್ನೋ ಸಗಣಿ ಹುಳುವನ್ನೋ ಕಚ್ಚಿ ಹಿಡಿದು ಹೋಗುತ್ತದೆ, ಹೊಸ ಸಗಣಿ ಸಿಕ್ಕೊಡನೆ ಇಳಿಯುತ್ತದೆ. ಇಳಿದು ತಿನ್ನುವುದು ನೊಣದ ಮೊಟ್ಟೆಯನ್ನು. ಹೌದು, ಹೊತ್ತು ತಂದವಳ ಮೊಟ್ಟೆಯನ್ನೇ.

ಇಂಥ ಒಂದು ನುಸಿಗೆ 1772ರಲ್ಲಿ ಸ್ಕೋಪೋಲಿ ಎಂಬ ನಿಸರ್ಗಶಾಸ್ತ್ರಜ್ಞ ಮನೆನೊಣದ ಹೆಸರನ್ನೇ ಇಟ್ಟ. ಈಗ ಅದು ಮ್ಯಾಕ್ರೋಕೀಲಿಸ್ ಮಸ್ಕೀಡೊಮೆಸ್ಟಿಕೀ. ಬಾಯಿ ತುಂಬುವಷ್ಟು ಹೆಸರು, ಉಗುರಿನ ತುದಿಯಲ್ಲಿ ಹಿಡಿಸುವ ಪ್ರಾಣಿ.

ಹೊಸ ನುಸಿ ಬೇಕೆಂದು ಸಗಣಿ ಕೆದಕುತ್ತ ಕೂತರೆ ಕೆಲಸ ಸಾಗದು. ಇಟಲಿಯ ಬೆರ್ಲೀಸೆ 1905ರಲ್ಲಿ ಕಂಡುಕೊಂಡ ಉಪಾಯಕ್ಕೆ ಸ್ವೀಡನ್ನಿನ ಟುಲ್‌ಗ್ರೆನ್ 1918ರಲ್ಲಿ ಬಲ್ಬು ಸೇರಿಸಿದ. ಜರಡಿಯ ಮೇಲೆ ಸಗಣಿ, ಅದರ ಕೆಳಗೆ ಆಲಿಕೆ, ಆಲಿಕೆಯ ತುದಿಗೆ ಆಲ್ಕೋಹಾಲಿನ ಶೀಸೆ, ಎಲ್ಲದರ ನೆತ್ತಿಯ ಮೇಲೆ ಉರಿಯುವ ಬಲ್ಬು. ಮೇಲಿನಿಂದ ಒಣಗುತ್ತ ಬಂದ ಹಾಗೆ ನುಸಿಗಳು ತಂಪು ಹುಡುಕಿ ಇಳಿದಿಳಿದು ಕೊನೆಗೆ ಶೀಸೆಗೆ ಉದುರುತ್ತವೆ. ಇದು ಸುಲಭದ ಭಾಗ. ಆಮೇಲೆ ಅವನ್ನು ಲ್ಯಾಕ್ಟಿಕ್ ಆಮ್ಲದಲ್ಲಿ ನೆನೆಸಿ ಮೈ ತಿಳಿಯಾಗಿಸಬೇಕು, ಗಾಜಿನ ಪಟ್ಟಿಯ ಮೇಲೆ ಕಾಲು ಮಡಚದ ಹಾಗೆ ಕೂರಿಸಬೇಕು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ರೋಮ ಎಣಿಸಬೇಕು. ಮ್ಯಾಕ್ರೋಕೀಲಿಸ್ ಕುಟುಂಬದ ನುಸಿಯ ಬೆನ್ನ ಚಿಪ್ಪಿನ ಮೇಲೆ ಸಾಮಾನ್ಯವಾಗಿ 28 ಜೊತೆ ರೋಮ. ಲೆಕ್ಕ ಒಂದೇ ಆದ್ದರಿಂದ ಯಾವ ಜೊತೆ ನುಣುಪು, ಯಾವುದರ ತುದಿ ಗರಿಯ ಹಾಗೆ ಕವಲೊಡೆದಿದೆ, ಎದೆಯ ಫಲಕದ ಗೆರೆಗಳು ಹೇಗೆ ಬಾಗಿವೆ ಎಂದು ನೋಡಿ ಜಾತಿ ತೀರ್ಮಾನಿಸುತ್ತಾರೆ. ನಮ್ಮಲ್ಲಿ ಜಾತಿ ಕೇಳುವವರಿಗೇನು ಬರವಿಲ್ಲ. ಇಷ್ಟು ಕಷ್ಟಪಟ್ಟು ಕೇಳುವವರು ಇವರೇ ಇರಬೇಕು.

ರೋಮ ಎಣಿಸಿ ಬಂದದ್ದೇನು ಎನ್ನಬೇಡಿ. ಗ್ಲೇಬರ್ ಎಂಬ ಒಂದೇ ಹೆಸರಲ್ಲಿ ನಡೆದುಬಂದ ಸಗಣಿ ನುಸಿಯನ್ನು ಇಟಲಿಯ ಫಿಲಿಪ್ಪೋನಿ, ಪೆಗತ್ಸಾನೊ 1962ರಲ್ಲಿ ಬಿಡಿಸಿ ನೋಡಿದರು. ಅದು ಒಂದಲ್ಲ, ಒಂದೇ ಮುಖಚಹರೆಯ ಹಲವು ಜಾತಿಗಳ ಗುಂಪಾಗಿತ್ತು. ಆ ಗುಂಪಿನ ಒಂದು ನುಸಿ ಮುಂದೆ ಆಸ್ಟ್ರೇಲಿಯಾಕ್ಕೆ ಬೇಕಾಯಿತು. ಅಲ್ಲಿನ ಸಗಣಿ ಹುಳುಗಳು ಕಾಂಗರೂ ಹಿಕ್ಕೆಗೆ ಒಗ್ಗಿದವು, ಪರದೇಶದಿಂದ ಬಂದ ದನದ ಸಗಣಿ ಹೆಚ್ಚಿನವಕ್ಕೆ ರುಚಿಸಲಿಲ್ಲ. ಸಗಣಿ ಬಿದ್ದಲ್ಲೇ ಬಿದ್ದು ನೊಣ ಮುತ್ತಿದವು. 1960ರ ದಶಕದಲ್ಲಿ ಸಿಎಸ್‌ಐಆರ್‌ಒ ಸಂಸ್ಥೆಯ ಜಾರ್ಜ್ ಬೊರ್ನೆಮಿಸ್ಸಾ ಹೊರದೇಶಗಳ ಸಗಣಿ ಹುಳು ತರಿಸುವ ಕೆಲಸ ಶುರುಮಾಡಿದರು. ಜೊತೆಗೆ ರೋಗ, ನುಸಿ ಬಾರದಿರಲಿ ಎಂದು ಮೊಟ್ಟೆಗಳನ್ನು ತೊಳೆದು ಒಳಗೆ ಬಿಟ್ಟುಕೊಂಡರು. ಕೊನೆಗೆ ನುಸಿಯೇ ಬೇಕೆನಿಸಿ ದಕ್ಷಿಣ ಆಫ್ರಿಕಾದಿಂದ ಒಂದನ್ನು ತಾವಾಗಿಯೇ ತರಿಸಿದರು! ಆ ನುಸಿಗೆ 1981ರಲ್ಲಿ ಕ್ರಾಂಟ್ಸ್ ಇಟ್ಟ ಹೆಸರು ಪೆರೆಗ್ರೈನಸ್. ಪರದೇಶಿ ಎಂದರ್ಥ.

ಜಗತ್ತಿನ ನುಸಿ ವಿಜ್ಞಾನಿಗಳು 1986ರಲ್ಲಿ ನಮ್ಮ ಬೆಂಗಳೂರಿನಲ್ಲೇ ಸಮ್ಮೇಳನ ಸೇರಿದ್ದರು. ಇಲ್ಲಿನ ಕೃಷಿ ವಿಶ್ವವಿದ್ಯಾಲಯದ ಜಿ.ಪಿ. ಚನ್ನಬಸವಣ್ಣನವರು ಗಿಡದ ನುಸಿಗಳನ್ನು ಹೆಸರಿಸಿ ಹೆಸರಾದವರು. ಬೆಳೆಗೆ ಹತ್ತುವ ನುಸಿಯನ್ನು ಬೆಳೆಯ ಬೆಲೆಗಾದರೂ ವಿಚಾರಿಸುತ್ತಾರೆ. ತಿಪ್ಪೆಯಲ್ಲಿರುವುದನ್ನು ಯಾರು ಕೇಳಬೇಕು?

ಇದನ್ನೆಲ್ಲ ಅರ್ಧಂಬರ್ಧ ಚಿಕ್ಕಮ್ಮನಿಗೆ ಹೇಳಿದೆ. ಈ ಹುಳದ ಮೇಲೆ ಕೂತಿರುವುದಕ್ಕೆ ಹೆಸರಿದೆಯೋ ಇಲ್ಲವೋ ಬರಿಗಣ್ಣಿಗೆ ತಿಳಿಯದು ಎಂದೆ. ನಮ್ಮ ಕಡೆ ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪ ಎಂದು ಕರೆಯುತ್ತಿದ್ದರು, ಅಂಥ ಹೆಸರು ಸಾವಿಗೂ ಬೇಡವಾಗಲಿ ಎಂದು.

“ಹೆಸರಿಗೇನು ಬರ, ತಿಪ್ಪೇಶ ಅಂತಿಡು” ಎಂದರು.

ಮ್ಯಾಕ್ರೋಕೀಲಿಸ್ ಆಗಿದ್ದರೆ ಹೀಗೆ ಸವಾರಿ ಹೊರಡುವುದು ಹೆಣ್ಣೇ, ಗಂಡು ಸಗಣಿಯಲ್ಲೇ ಉಳಿಯುತ್ತದೆ, ಒಂಟಿಯಾಗಿ ಇಳಿದ ಹೆಣ್ಣು ಗಂಡಿನ ಸಂಗವಿಲ್ಲದೆಯೇ ಗಂಡು ಮರಿ ಹುಟ್ಟಿಸಿ ಸಂಸಾರ ಹೂಡಬಲ್ಲದು ಎಂದು ವಿವರಿಸಿದೆ.

ಚಿಕ್ಕಮ್ಮ ಎಲೆಅಡಿಕೆ ತಟ್ಟೆ ಹತ್ತಿರಕ್ಕೆ ಎಳೆದುಕೊಂಡರು. “ಹಂಗಾದ್ರೆ ತಿಪ್ಪಮ್ಮ.”