ಒಂದು ಹಗಲಿನ ಋಣ



ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರು ಊರುಗಳಲ್ಲಿಯೂ ರೈಲು ನಿಲ್ದಾಣಗಳಿವೆ. ಆದರೆ ಮೂರೂ ಕಡಲಿನಿಂದ ದೂರವಿರುವ ಊರುಗಳು. ಇಲ್ಲಿನ ನೀರು ಸಹ ಹತ್ತಿರದ ಪಡುವಣ ಕಡಲನ್ನು ಸೇರುವುದಿಲ್ಲ. ಕಡೂರಿನ ವೇದಾವತಿಯಾಗಲಿ, ತರೀಕೆರೆ ಸೀಮೆಯ ಭದ್ರೆಯಾಗಲಿ ಕೃಷ್ಣೆಯ ಮೂಲಕ ದೂರದ ಬಂಗಾಳ ಕೊಲ್ಲಿಗೆ ಹೋಗುತ್ತವೆ. ಕಡಲನ್ನು ಕಾಣಬೇಕೆನ್ನುವ ನಮ್ಮ ಜನರು ರೈಲಿನಲ್ಲಿ ಹೊರಟರೆ ಬೀರೂರು, ಕಡೂರು, ಅರಸೀಕೆರೆ, ಹಾಸನಗಳನ್ನು ದಾಟಿ, ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿ.ಮೀ. ಘಟ್ಟವನ್ನು 57 ಸುರಂಗಗಳ ಮೂಲಕ ಇಳಿದು ಮಂಗಳೂರು ಸೇರಬೇಕು. ಒಂದು ಹಗಲನ್ನು ಪೂರ್ತಿಯಾಗಿ ಕಡಲ ಬಳಿ ಕಳೆಯಬೇಕಾದರೆ, ಹೋಗಲೊಂದು ರಾತ್ರಿ, ಬರಲೊಂದು ರಾತ್ರಿ ಪ್ರಯಾಣಕ್ಕೆ ಬೇಕು.

ಇಂಥ ಒಂದು ಹಗಲನ್ನು ಗಂಡಹೆಂಡತಿ ತಮಗಾಗಿಯೇ ತೆಗೆದುಕೊಳ್ಳುವುದು ಸರಿಯೇ? ಮನೆಯಲ್ಲಿ ವೃದ್ಧ ತಾಯಿ, ಕೊಟ್ಟಿಗೆಯಲ್ಲಿ ಹಸು, ತಲೆಯ ಮೇಲೆ ಸಾಲ ಇರುವಾಗ ಅದು ಸ್ವಾರ್ಥವಾಗುವುದಿಲ್ಲವೇ? ಪ್ರಶ್ನೆ ಸಣ್ಣದೆಂದು ತೋರಬಹುದು. ನನಗೆ ಪರಿಚಿತರಾದ ಒಬ್ಬ ದಂಪತಿಯ ಬದುಕನ್ನು ಕಂಡ ಮೇಲೆ ಅದು ಸಣ್ಣದಲ್ಲವೆಂದು ನನಗೆ ಮನವರಿಕೆಯಾಗಿದೆ.

ಅಜ್ಜಂಪುರದ ಬಳಿಯ ಹಳ್ಳಿಯೊಂದರಲ್ಲಿ ಈರುಳ್ಳಿ, ರಾಗಿ ಬೆಳೆದು, ಎರಡು ಹಸು ಕಟ್ಟಿಕೊಂಡು ಜೀವಿಸುವ ಕುಟುಂಬ ಅದು. ಅವರ ಮದುವೆಯಾದದ್ದು 1998ರಲ್ಲಿ. ಆ ವರ್ಷವೇ ಆತ ಪತ್ನಿಗೆ, “ನಿನಗೆ ಸಮುದ್ರ ತೋರಿಸುತ್ತೇನೆ” ಎಂದು ಮಾತು ಕೊಟ್ಟಿದ್ದರು. ಆದರೆ 1979ರಲ್ಲಿ ಪೂರ್ಣಗೊಂಡಿದ್ದ ಹಾಸನ–ಮಂಗಳೂರು ಮಾರ್ಗವು ಆಗ ಬ್ರಾಡ್‌ಗೇಜ್ ಪರಿವರ್ತನೆಗಾಗಿ ಮುಚ್ಚಿತ್ತು. “ರೈಲು ಬಿಡಲಿ, ಹೋಗೋಣ” ಎಂದರು. 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ರೈಲು ಮತ್ತೆ ಓಡಿತು. ಅಷ್ಟರಲ್ಲಿ ಕೊಳವೆಬಾವಿಯ ಸಾಲ ಬಂದಿತ್ತು, ಮಕ್ಕಳ ಶಾಲೆಯ ಶುಲ್ಕ ಬಂದಿತ್ತು. ಅವು ತೀರುವ ಹೊತ್ತಿಗೆ ತಾಯಿ ಹಾಸಿಗೆ ಹಿಡಿದರು. ಹೀಗೆ ಇಪ್ಪತ್ತೈದು ವರ್ಷಗಳು ಕಳೆದವು. ಇದರಲ್ಲಿ ಯಾರನ್ನು ದೂಷಿಸೋಣ? ಆತ ಕುಡುಕರಲ್ಲ, ಸೋಮಾರಿಯಲ್ಲ. ಮುಂದೂಡಿದ್ದಕ್ಕೆ ಪ್ರತಿ ಸಲವೂ ನ್ಯಾಯವಾದ ಕಾರಣವೇ ಇತ್ತು.

ಕೊನೆಗೆ 2024ರಲ್ಲಿ ಅವರು ಹೋಗಿ ಬಂದರು. ಬೆಳಿಗ್ಗೆ ಮಂಗಳೂರಿನ ಮಿಲಾಗ್ರಿಸ್ ದೇವಾಲಯದಲ್ಲಿ ಪ್ರಾರ್ಥಿಸಿ, ಬಸ್ಸು ಹತ್ತಿ ಪಣಂಬೂರಿನ ಕಡಲತೀರ ಸೇರಿದರು. ಅಲ್ಲಿ ನಡೆದುದನ್ನು ಆತ ನನಗೆ ಹೇಳಿದ್ದು ಹೀಗೆ: “ಮರಳಿನ ಮೇಲೆ ಅರ್ಧ ಗಂಟೆ ಸುಮ್ಮನೆ ಕುಳಿತಿದ್ದೆವು. ಸಾಲ, ಹಸು, ಅಮ್ಮನ ಔಷಧಿ ಬಿಟ್ಟರೆ ಇವಳ ಹತ್ತಿರ ಮಾತನಾಡಲು ನನ್ನಲ್ಲಿ ಏನೂ ಉಳಿದಿರಲಿಲ್ಲ. ನನಗೆ ಹೆದರಿಕೆಯಾಯಿತು. ಆಮೇಲೆ ಅಲೆಗೆ ಕಾಲೊಡ್ಡಲು ಎದ್ದಾಗ ಇವಳು ನನ್ನ ಭುಜ ಹಿಡಿದುಕೊಂಡಳು. ಮೊಣಕಾಲು ನೋವು ಎರಡು ವರ್ಷದಿಂದ ಇದೆಯಂತೆ. ಒಂದೇ ಮನೆಯಲ್ಲಿದ್ದೂ ನನಗೆ ತಿಳಿದಿರಲಿಲ್ಲ.”

ಓದುಗರೇ, ಈ ಮಾತು ನಮ್ಮಲ್ಲಿ ಎಷ್ಟು ಮನೆಗಳಿಗೆ ಅನ್ವಯಿಸುತ್ತದೆಯೋ ಯೋಚಿಸಿರಿ. ಕುಟುಂಬಕ್ಕಾಗಿ ದುಡಿಯುತ್ತ ದುಡಿಯುತ್ತ, ಯಾರೊಡನೆ ಆ ಕುಟುಂಬವನ್ನು ಕಟ್ಟಿದೆವೋ ಅವರನ್ನೇ ಕಾಣದವರಾಗುತ್ತೇವೆ. ಇಲ್ಲಿ ಜಗಳವಿಲ್ಲ, ದ್ರೋಹವಿಲ್ಲ. ಆದ್ದರಿಂದಲೇ ಪಾಪನಿವೇದನೆಯಲ್ಲಿ ಹೇಳಿಕೊಳ್ಳಬೇಕೆಂದೂ ನಮಗೆ ತೋಚುವುದಿಲ್ಲ. ಆದರೆ ಮಾಡಬೇಕಾದುದನ್ನು ಮಾಡದೆ ಬಿಡುವುದೂ ಪಾಪವೆಂದು ಪ್ರತಿ ಬಲಿಪೂಜೆಯ ಆರಂಭದಲ್ಲಿ ನಾವು ಒಪ್ಪಿಕೊಳ್ಳುತ್ತೇವಲ್ಲವೇ?

“ಕೆಲಸವೆಲ್ಲ ಮುಗಿಯಲಿ, ಆಮೇಲೆ ವಿಶ್ರಾಂತಿ” ಎಂಬುದು ನಮ್ಮ ವಾಡಿಕೆ. ದೇವರ ಆಜ್ಞೆ ಹಾಗಿಲ್ಲ. ವಿಶ್ರಾಂತಿಯ ದಿನ ಏಳು ದಿನಕ್ಕೊಮ್ಮೆ ಬರುತ್ತದೆ. ಹೊಲದ ಕೆಲಸ ಮುಗಿದಿದೆಯೇ ಎಂದು ಅದು ಕೇಳುವುದಿಲ್ಲ. ಧರ್ಮೋಪದೇಶಕಾಂಡದ ಐದನೆಯ ಅಧ್ಯಾಯವು ಆ ದಿನ ಯಾರು ಯಾರು ದುಡಿಯಬಾರದೆಂದು ಎಣಿಸುತ್ತದೆ: ನೀನು, ಮಗ, ಮಗಳು, ದಾಸ, ದಾಸಿ, ಎತ್ತು, ಕತ್ತೆ, ಊರಲ್ಲಿರುವ ಪರದೇಶಿ. ಈ ಪಟ್ಟಿಯಲ್ಲಿ ಹೆಂಡತಿಯ ಹೆಸರು ಬೇರೆಯಾಗಿ ಇಲ್ಲ. ‘ನೀನು’ ಎಂಬ ಮಾತಿನಲ್ಲಿ ಆಕೆಯೂ ಸೇರಿದ್ದಾಳೆಂದು ತಿಳಿಯಬೇಕು. ಆದರೆ ನಮ್ಮ ಮನೆಗಳಲ್ಲಿ ಆಕೆ ಸೇರಿದ್ದಾಳೆಯೇ? ಭಾನುವಾರ ಬಂದರೆ ಮನೆಯವರಿಗೆಲ್ಲ ಬಿಡುವು, ಅಡಿಗೆಮನೆಗೆ ಮಾತ್ರ ಇಮ್ಮಡಿ ಕೆಲಸ.

ಅದೇ ಗ್ರಂಥದ ಇಪ್ಪತ್ನಾಲ್ಕನೆಯ ಅಧ್ಯಾಯದಲ್ಲಿ ಇನ್ನೊಂದು ವಿಧಿಯಿದೆ. ಹೊಸದಾಗಿ ಮದುವೆಯಾದವನನ್ನು ಒಂದು ವರ್ಷ ಯುದ್ಧಕ್ಕೆ ಕಳುಹಿಸಬಾರದು, ಬೇರೆ ಹೊಣೆಯನ್ನೂ ಹೊರಿಸಬಾರದು. ಅವನು ಮನೆಯಲ್ಲಿದ್ದು ಹೆಂಡತಿಯನ್ನು ಸಂತೋಷಪಡಿಸಬೇಕು. ಗಮನಿಸಿರಿ, ಈ ವಿಧಿಯು ಗಂಡನೊಬ್ಬನಿಗೆ ಕೊಟ್ಟ ರಿಯಾಯಿತಿ ಮಾತ್ರವಲ್ಲ, ಸಮಾಜಕ್ಕೆ ಹೊರಿಸಿದ ಹೊಣೆಯೂ ಹೌದು. ಅವನು ಮನೆಯಲ್ಲಿ ಉಳಿಯಬೇಕಾದರೆ ಅವನ ಪಾಲಿನ ಭಾರವನ್ನು ಮತ್ತೊಬ್ಬನು ಹೊರಬೇಕು. ಇಬ್ಬರ ಸಂತೋಷಕ್ಕೆ ಇಡೀ ಜನಾಂಗವೇ ಬೆಲೆ ತೆರುತ್ತದೆ. ಅದು ವ್ಯರ್ಥವೆಂದು ಧರ್ಮಶಾಸ್ತ್ರ ಭಾವಿಸುವುದಿಲ್ಲ.

ಆ ದಂಪತಿಗೆ 2024ರವರೆಗೆ ಸಿಗದಿದ್ದುದು ಹಣವಲ್ಲ, ರೈಲೂ ಅಲ್ಲ. ಭಾರವನ್ನು ಹೊರುವ ಆ ಮತ್ತೊಬ್ಬರು. ಕೊನೆಗೆ ಹೊತ್ತವರು ಪಕ್ಕದ ಮನೆಯ ವಿಧವೆ. ಅವರು ನಮ್ಮ ಸಭೆಗೆ ಸೇರಿದವರಲ್ಲ. “ಎರಡು ರಾತ್ರಿ ತಾನೇ? ಅಜ್ಜಿಯನ್ನು ನಾನು ನೋಡಿಕೊಳ್ಳುತ್ತೇನೆ, ಹಾಲನ್ನೂ ಕರೆದು ಡೈರಿಗೆ ಹಾಕುತ್ತೇನೆ, ಹೋಗಿ ಬನ್ನಿ” ಎಂದರಂತೆ. ಇಪ್ಪತ್ತೈದು ವರ್ಷ ಅದೇ ದಂಪತಿಯೊಡನೆ ಒಂದೇ ದೇವಾಲಯದಲ್ಲಿ ಮೊಣಕಾಲೂರಿದ ನಮ್ಮಲ್ಲಿ ಒಬ್ಬರಿಗೂ ಈ ಮಾತು ಹೊಳೆಯಲಿಲ್ಲ. ಅವರ ಬೆಳ್ಳಿಹಬ್ಬಕ್ಕೆ ನಾವು ಹಾರ ಹಾಕಿ, ಊಟ ಮಾಡಿ ಬಂದಿದ್ದೆವು. ಹಾಗೆ ಬಂದವರಲ್ಲಿ ನಾನೂ ಒಬ್ಬನು.

ಆದುದರಿಂದ ನಾನು ಮೊದಲು ಕೇಳಿದ ಪ್ರಶ್ನೆಯನ್ನೇ ತಿದ್ದಬೇಕಾಗಿದೆ. ಹೀಗೆ ಒಂದು ದಿನ ತೆಗೆದುಕೊಳ್ಳುವುದು ಸ್ವಾರ್ಥವೇ ಎಂದು ದಂಪತಿಯನ್ನು ಕೇಳುವ ಮೊದಲು, ಅದನ್ನು ಅವರಿಗೆ ಕೊಡದೆ ಇರುವುದು ನ್ಯಾಯವೇ ಎಂದು ಮಕ್ಕಳು, ಸೋದರರು, ನೆರೆಹೊರೆಯವರು, ಧರ್ಮಕೇಂದ್ರದವರು ತಮ್ಮನ್ನು ತಾವೇ ಕೇಳಿಕೊಳ್ಳಬೇಕು. ದಿವಂಗತ ಜಗದ್ಗುರು ಫ್ರಾನ್ಸಿಸ್‌ರವರು 2016ರಲ್ಲಿ ಕುಟುಂಬ ಪ್ರೀತಿಯ ಕುರಿತು ಬರೆದ ‘ಅಮೋರಿಸ್ ಲೆತೀಸಿಯ’ ಎಂಬ ಪ್ರಬೋಧನೆಯಲ್ಲಿ, ಪ್ರೀತಿಗೆ ಬಿಡುವಿನ ಸಮಯ ಬೇಕೆಂದು ಒತ್ತಿ ಹೇಳಿದ್ದಾರೆ. ಆ ಬಿಡುವು ಬಡವರ ಮನೆಯಲ್ಲಿ ತಾನಾಗಿ ಹುಟ್ಟುವುದಿಲ್ಲ. ಯಾರಾದರೂ ತಮ್ಮ ಸಮಯವನ್ನು ಕೊಟ್ಟರೆ ಮಾತ್ರ ಅದು ದೊರೆಯುತ್ತದೆ.

ಸಾಲ ಮಾಡಿ ಪ್ರವಾಸ ಹೋಗಿ, ನಾಲ್ಕು ಜನರಿಗೆ ಚಿತ್ರ ತೋರಿಸಿಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಕಡಲೇ ಆಗಬೇಕೆಂದೂ ಇಲ್ಲ. ಸಖರಾಯಪಟ್ಟಣದ ಅಯ್ಯನಕೆರೆಯ ಏರಿಯಿದೆ, ಲಕ್ಕವಳ್ಳಿಯ ಭದ್ರಾ ಜಲಾಶಯವಿದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡುವಷ್ಟು ಹೊತ್ತು ಸಿಕ್ಕರೆ ಸಾಕು. ಹಾಗೆಯೇ, ಕರ್ತವ್ಯ ಕರೆದಾಗ ಎದ್ದು ಹೋಗಬೇಕಾಗಿಯೂ ಬರಬಹುದು. ಯೇಸುಸ್ವಾಮಿ ದಣಿದ ಶಿಷ್ಯರನ್ನು ಏಕಾಂತ ಸ್ಥಳಕ್ಕೆ ಕರೆದೊಯ್ದಾಗ ಜನರು ಅಲ್ಲಿಗೂ ಓಡಿ ಬಂದರು. ಸ್ವಾಮಿ ಬೇಸರಪಡದೆ ಕನಿಕರಪಟ್ಟರು. ಆದರೂ ವಿಶ್ರಮಿಸಲು ಕರೆದವರು ಅವರೇ ಎಂಬುದನ್ನು ಮರೆಯದಿರೋಣ.

ಬರುವ ಭಾನುವಾರ ಪೂಜೆ ಮುಗಿದು ಹೊರಬರುವಾಗ ಸುತ್ತ ಒಮ್ಮೆ ನೋಡಿರಿ. ಹಾಸಿಗೆ ಹಿಡಿದ ಹಿರಿಯರನ್ನೋ, ಅಂಗವಿಕಲ ಮಗುವನ್ನೋ ಬಿಟ್ಟು ವರ್ಷಗಳಿಂದ ಜೊತೆಯಾಗಿ ಎಲ್ಲಿಗೂ ಹೋಗದ ದಂಪತಿ ಅಲ್ಲಿ ಇದ್ದೇ ಇರುತ್ತಾರೆ. ಅವರ ಬಳಿಗೆ ಹೋಗಿ, “ಒಂದು ದಿನ ನಾನಿರುತ್ತೇನೆ, ನೀವು ಹೋಗಿ ಬನ್ನಿ” ಎಂದು ಹೇಳಿರಿ. ಅವರ ವಿವಾಹಕ್ಕೆ ಸಾಕ್ಷಿಗಳಾಗಿ ನಿಂತವರಿಗೆ, ಆ ದಿನ ಊಟ ಮಾಡಿ ಹರಸಿದವರಿಗೆ, ಈ ಋಣ ಇನ್ನೂ ಬಾಕಿಯಿದೆ. ಅದನ್ನು ತೀರಿಸುವ ಮನಸ್ಸನ್ನು ಪ್ರಭು ನಮಗೆಲ್ಲರಿಗೂ ಅನುಗ್ರಹಿಸಲಿ.