ಬಂದವರ ನುಡಿ

ಶಿವಶರಣರೆಲ್ಲರೂ ಹುಟ್ಟು ಕನ್ನಡಿಗರಾಗಿರಲಿಲ್ಲ. ಆದಯ್ಯನವರು ಸೌರಾಷ್ಟ್ರದಿಂದ ವ್ಯಾಪಾರಕ್ಕೆಂದು ಪುಲಿಗೆರೆಗೆ ಬಂದವರು. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸುತನವನ್ನೇ ತೊರೆದು ಕಲ್ಯಾಣಕ್ಕೆ ಬಂದರೆಂಬುದು ಪ್ರತೀತಿ. ಈರ್ವರ ವಚನಗಳೂ ಕನ್ನಡದಲ್ಲಿಯೇ ಇರುವುವು. ಕಟ್ಟಿಗೆ ಮಾರುವ ಕಾಯಕದಲ್ಲಿ ಬೀದಿಬೀದಿಗಳಲ್ಲಿ ಕಿವಿಗೆ ಬಿದ್ದ ನುಡಿಯೇ ಮಾರಯ್ಯನವರಿಗೆ ಅನುಭಾವದ ನುಡಿಯಾಯಿತೆಂದು ಭಾವಿಸುವುದು ಅನುಚಿತವಾಗದು. ಮಹಾಮನೆಯ ಬಾಗಿಲಲ್ಲಿ ಅವರನ್ನು ನಿಲ್ಲಿಸಿ ಭಾಷೆಯನ್ನು ಪರೀಕ್ಷಿಸಿದರೆಂಬ ಕಥೆಯಾದರೋ ಕೇಳಿಬರುವುದಿಲ್ಲ.

ಆ ನುಡಿಯ ಹೆಸರಿನಲ್ಲಿಯೇ, 2014ರ ಅಕ್ಟೋಬರಿನಲ್ಲಿ, ಬೆಂಗಳೂರಿನಲ್ಲಿ ಮಣಿಪುರದ ವಿದ್ಯಾರ್ಥಿಯೊಬ್ಬನು ಕನ್ನಡವನ್ನಾಡಲಿಲ್ಲವೆಂದು ಪೆಟ್ಟು ತಿಂದನು. ಅದಕ್ಕೂ ಮೊದಲು, 2012ರ ಆಗಸ್ಟಿನಲ್ಲಿ, ಮೊಬೈಲುಗಳಲ್ಲಿ ಹರಿದಾಡಿದ ಸುಳ್ಳು ಬೆದರಿಕೆಗೆ ಅಂಜಿ ಈಶಾನ್ಯ ರಾಜ್ಯಗಳ ಸಾವಿರಾರು ಜನರು ಅದೇ ನಗರದಿಂದ ಗುವಾಹಟಿಯ ರೈಲು ಹತ್ತಿದ್ದರು. ಸಹಪಾಠಿಗಳೇ ಅವರ ಕಣ್ಣು ಮೂಗುಗಳನ್ನು ಹಳಿದು, ಈ ದೇಶದವರೇ ಅಲ್ಲವೆಂಬಂತೆ ಮೊಬೈಲಿನಲ್ಲಿ ಬರೆದು ನಗುವುದುಂಟು. ಕನ್ನಡ ಬಾರದೆಂಬುದು ಅಲ್ಲಿ ನೆಪ. ಮುಖ ಒಪ್ಪದೆಂಬುದೇ ನಿಜ. ಅಲ್ಲವಾದರೆ, ಹತ್ತು ವರ್ಷ ನೆಲಸಿಯೂ ಕನ್ನಡ ಕಲಿಯದ ಸಿರಿವಂತನ ಮೇಲೆ ಯಾರೂ ಕೈಯೆತ್ತದಿರುವುದೇಕೆ?

ಬಂದವರು ಕನ್ನಡ ಕಲಿಯುವುದು ಹಿತವೇ, ಅದರಲ್ಲಿ ಸಂಶಯವಿಲ್ಲ. ಆದರೆ ಹೊಡೆದವನ ನುಡಿಯನ್ನು ಕಲಿಯಲು ಯಾರಿಗೆ ಮನಸ್ಸಾದೀತು? ಓದಲು ಬಂದ ಹುಡುಗನಿಗೆ ಕೋಣೆಯನ್ನು ಬಾಡಿಗೆಗೆ ಕೊಟ್ಟ ಗೃಹಸ್ಥರು, ಹಣವನ್ನೆಣಿಸಿಕೊಳ್ಳುವಾಗ, ‘ಊಟವಾಯಿತೇನಪ್ಪಾ?’ ಎಂದು ಕನ್ನಡದಲ್ಲಿಯೇ ಕೇಳಲಿ. ಉತ್ತರವು ಅರೆಬರೆಯಾಗಿ ಬಂದೀತು. ಮನೆಯ ಮಕ್ಕಳು ಅದನ್ನು ಕೇಳಿ ನಗದಂತೆ ನೋಡಿಕೊಳ್ಳಲಿ. ಹಬ್ಬದ ದಿನ ಹೋಳಿಗೆಯೊಡನೆ ಇನ್ನೆರಡು ಮಾತು ಕೂಡೀತು.